ಶುಕ್ರವಾರದ ಡ್ರಮ್ ಕೋರ್

ಡ್ರಮ್ ಕೋರ್ ಎಂದರೇನು ಎಂಬ ವಿಷಯವಾಗಿ ನಮ್ಮ ಮನೆಯಲ್ಲಿ ಪ್ರತಿ ಶುಕ್ರವಾರ ಮಧ್ಯಾಹ್ನ, ಊಟದ ತಟ್ಟೆಗಳು ಎದ್ದ ಮೇಲೆ, ಒಂದು ಉಪನ್ಯಾಸ ನಡೆಯುತ್ತಿತ್ತು. ಅಧ್ಯಕ್ಷರು, ಉಪನ್ಯಾಸಕರು, ಕೊನೆಗೆ ವಂದನಾರ್ಪಣೆ ಮಾಡುವವರು ಎಲ್ಲವೂ ಅಪ್ಪನೇ. ಸಭಿಕರು ಎಂದರೆ ಕುಚ್ಚಲಕ್ಕಿ ಅನ್ನ, ಕೋಳಿ ಸಾರು ಉಂಡು ಗೋಡೆಗೆ ಒರಗಿದ ನಮ್ಮೂರ ಕಡೆಯ ಬ್ಯಾಚುಲರ್‌ಗಳು. ಊರಿನಲ್ಲಿ ಹೆಂಡತಿಯೂ ಮೂರು ಮಕ್ಕಳೂ ಇದ್ದವರು ಕತಾರಿನಲ್ಲಿ ಬ್ಯಾಚುಲರ್ ಎನಿಸಿಕೊಳ್ಳುತ್ತಿದ್ದರು. ಸಂಸಾರವನ್ನು ಕರೆತರಲಾಗದವನಿಗೆ ಆ ದೇಶ ಕೊಟ್ಟ ಬಿರುದು ಅದು. ಸಂಸಾರ ಇರುವ ಮನೆಯವರು ಶುಕ್ರವಾರ ಇಂಥವರನ್ನು ಕರೆದು ಊಟ ಹಾಕುವುದು ಯಾರೂ ಬರೆದಿಡದ ಕಾನೂನಾಗಿತ್ತು. ಊಟಕ್ಕೆ ಬದಲಾಗಿ ಅವರು ಅಪ್ಪನ ಉಪನ್ಯಾಸವನ್ನು ಕೇಳಬೇಕು ಎಂಬುದು ಮಾತ್ರ ನಮ್ಮ ಮನೆಯ ತಿದ್ದುಪಡಿ. ಅಪ್ಪ ಚಪಾತಿ ಲಟ್ಟಣಿಗೆಯನ್ನು ಕೈಯಲ್ಲಿ ಹಿಡಿದು ಟಿ.ವಿ.ಯ ಪಕ್ಕ ನಿಂತು, ಗಂಟಲು ಸರಿ ಮಾಡಿಕೊಂಡು ಆರಂಭಿಸುತ್ತಿದ್ದರು.

“ನೋಡಿ, ಇದು ಬ್ಯಾಂಡ್ ಅಲ್ಲ. ಮೊದಲು ಅದನ್ನು ತಲೆಯಿಂದ ತೆಗೀರಿ.”

ಎಲ್ಲರ ಕಣ್ಣುಗಳೂ ಅಷ್ಟರಲ್ಲಿ ಅರ್ಧ ಮುಚ್ಚಿರುತ್ತಿದ್ದವು. ಫ್ರಿಜ್ಜಿನ ಪಕ್ಕದಿಂದ ಒಂದೇ ಒಂದು ದನಿ, ಈವರೆಗೆ ಜನ್ಮದಲ್ಲಿ ಈ ವಿಷಯ ಕೇಳಿಯೇ ಇಲ್ಲವೆಂಬಂತೆ, ಅಚ್ಚರಿಯಿಂದ ಕೇಳುತ್ತಿತ್ತು:

“ಹಾಗಾದ್ರೆ ಇದು ಮತ್ತೆ ಎಂತದು ಅಣ್ಣ?”

ಅದು ಚಿಕ್ಕಪ್ಪ. ಅಪ್ಪನ ತಮ್ಮ ಶೇಖರ. ಹಿಂದಿನ ಶುಕ್ರವಾರವೂ ಅವನು ಅದನ್ನೇ ಕೇಳಿದ್ದ, ಮುಂದಿನ ಶುಕ್ರವಾರವೂ ಅದನ್ನೇ ಕೇಳುವವನಿದ್ದ. ಅವನ ಆ ಪ್ರಶ್ನೆಯಿಲ್ಲದಿದ್ದರೆ ಅಪ್ಪನ ಗಾಡಿ ಸ್ಟಾರ್ಟ್ ಆಗುತ್ತಿರಲಿಲ್ಲ.

ನಮ್ಮ ಮನೆ ಐನ್ ಖಾಲಿದ್‌ನಲ್ಲಿ ಒಬ್ಬ ಅರಬಿಯ ವಿಲ್ಲಾದ ಹಿಂಭಾಗದಲ್ಲಿತ್ತು. ಮೂಲತಃ ಅದನ್ನು ಡ್ರೈವರನಿಗೆಂದು ಕಟ್ಟಿಸಿದ್ದಂತೆ. ನಾವು ಅದನ್ನು ಔಟ್‌ಹೌಸ್ ಎಂದು ಕರೆದು ಅದರ ಅಂತಸ್ತನ್ನು ಏರಿಸಿದ್ದೆವು. ಒಂದು ಹಾಲ್, ಒಂದು ಮಲಗುವ ಕೋಣೆ, ಆಮೇಲೆ ಯೋಚನೆ ಬಂದು ಸೇರಿಸಿದಂತಿದ್ದ ಶೀಟಿನ ಮಾಡಿನ ಅಡುಗೆಮನೆ. ಹಾಲ್‌ನ ಕಿಟಕಿಯಲ್ಲಿ ಕೂತಿದ್ದ ಎಸಿ ಮುದುಕನಂತೆ ಕೆಮ್ಮಿ, ನಡುಗಿ, ಕೊನೆಗೆ ತಂಪು ಬಿಡುತ್ತಿತ್ತು. ಅದರಿಂದ ತೊಟ್ಟಿಕ್ಕುವ ನೀರನ್ನು ಅಮ್ಮ ಬಕೆಟ್ಟಿನಲ್ಲಿ ಹಿಡಿದು, ಹಾಲಿನ ಪುಡಿಯ ಡಬ್ಬದಲ್ಲಿ ನೆಟ್ಟಿದ್ದ ತುಳಸಿಗೆ ಹಾಕುತ್ತಿದ್ದಳು. ಕಂಪೌಂಡಿನ ಆಚೆ ಮರಳು, ಅದರಾಚೆ ಇನ್ನೊಂದು ಕಂಪೌಂಡು, ಮತ್ತೆ ಮರಳು. ಅಮ್ಮ ಮದುವೆಗೆ ಮೊದಲು ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಕಲಿಸಿದವಳು. ಅಪ್ಪನದು ತುಳು, ಶಾಲೆಯದು ಇಂಗ್ಲಿಷು, ಬೀದಿಯದು ಹಿಂದಿ ಮಲಯಾಳ, ಪೊಲೀಸರದು ಅರಬಿ ಎಂದಾದಾಗ, ಹೊಸ್ತಿಲಿನ ಒಳಗೆ ಕನ್ನಡವೇ ಎಂದು ಅವಳು ಆಜ್ಞೆ ಹೊರಡಿಸಿದ್ದಳು. ಈ ಆಜ್ಞೆಯನ್ನು ಎಲ್ಲರಿಗಿಂತ ನಿಷ್ಠೆಯಿಂದ ಪಾಲಿಸುತ್ತಿದ್ದವನು ಚಿಕ್ಕಪ್ಪ. ಅಣ್ಣನ ಜೊತೆ ತುಳುವಿನಲ್ಲಿ ಜಗಳವಾಡುತ್ತಾ ಬಂದವನು ಹೊಸ್ತಿಲ ಮೇಲೆ ಒಂದು ಕ್ಷಣ ನಿಂತು, ಉಳಿದ ಜಗಳವನ್ನು ಕನ್ನಡದಲ್ಲಿ ಮುಗಿಸುತ್ತಿದ್ದ.

ಚಿಕ್ಕಪ್ಪ ಸಿಹಿನೀರಿನ ಟ್ಯಾಂಕರಿನ ಡ್ರೈವರ್. ವಾರವಿಡೀ ಕಂಪನಿಯ ಕ್ಯಾಂಪಿನಲ್ಲಿ ಇದ್ದು, ಗುರುವಾರ ಸಂಜೆ ಟ್ಯಾಂಕರನ್ನು ನಮ್ಮ ಕಂಪೌಂಡಿನ ಹೊರಗೆ ನಿಲ್ಲಿಸಿ, ಬಾಗಿಲು ತಟ್ಟುವ ಬದಲು ಟ್ಯಾಂಕಿನ ಹೊಟ್ಟೆಗೆ ಅಂಗೈಯಿಂದ ಒಂದು ಹೊಡೆಯುತ್ತಿದ್ದ. ಆ ಶಬ್ದ ಕೇಳಿ ಅಮ್ಮ ಚಹಾಕ್ಕೆ ನೀರು ಇಡುತ್ತಿದ್ದಳು. ಟ್ಯಾಂಕಿನಲ್ಲಿ ನೀರು ಎಷ್ಟಿದೆ ಎಂಬುದನ್ನು ಅವನು ಹೊಡೆದು ನೋಡಿಯೇ ಹೇಳಬಲ್ಲವನು, ನನಗೂ ಕಲಿಸಿದ್ದ. ತುಂಬಿದ್ದರೆ ಶಬ್ದ ಕೈಯಲ್ಲೇ ಸಾಯುತ್ತದೆ, ಖಾಲಿಯಾಗಿದ್ದರೆ ಒಳಗೆ ಹೋಗಿ ಸುತ್ತಾಡಿ ಬರುತ್ತದೆ. ರಾತ್ರಿ ಅವನು ಹಾಲ್‌ನಲ್ಲಿ, ಎಸಿಯ ಕೆಳಗೆ, ಚಳಿಗಾಲದಲ್ಲೂ ಎಸಿ ಹಾಕಿಕೊಂಡು, ಎರಡು ಕಂಬಳಿ ಹೊದ್ದು ಮಲಗುತ್ತಿದ್ದ. ಆ ಸದ್ದು ಇಲ್ಲದಿದ್ದರೆ ಇಂಜಿನ್ ಆಫ್ ಆದ ಹಾಗಾಗಿ ಎಚ್ಚರವಾಗ್ತದೆ ಎನ್ನುತ್ತಿದ್ದ. ನನ್ನ ಬಾಲ್ಯದಲ್ಲಿ ದೊಡ್ಡವರೆಂದರೆ ಬೇರೆಬೇರೆ ಕಾರಣಗಳಿಗಾಗಿ ದಣಿದವರು. ಅವನೊಬ್ಬ ಮಾತ್ರ ದಣಿದರೂ ಅದನ್ನು ಮನೆಯ ಒಳಗೆ ತರದವನು.

ಇನ್ನು ಉಪನ್ಯಾಸದ ಮೂಲಕ್ಕೆ ಬರಬೇಕು. ಅಪ್ಪ ಒಂದು ತೈಲ ಕಂಪನಿಯ ಕ್ಯಾಂಪಿನಲ್ಲಿ ಸ್ಟೋರ್‌ಕೀಪರ್. ಅಲ್ಲಿನ ಒಬ್ಬ ಅಮೇರಿಕದ ಸಾಹೇಬರು ದೇಶಕ್ಕೆ ಮರಳುವಾಗ, ಕಾಫಿ ಮಾಡುವ ಯಂತ್ರ, ಒಂದು ಛತ್ರಿ, ಒಂದು ಪೆಟ್ಟಿಗೆ ವಿಡಿಯೋ ಟೇಪುಗಳನ್ನು ಅಪ್ಪನ ಮೇಜಿನ ಮೇಲೆ ಇಟ್ಟು ಹೋದರಂತೆ. ಕಾಫಿ ಯಂತ್ರ ಒಂದು ವಾರದಲ್ಲಿ ಸತ್ತಿತು. ಮಳೆ ಬಾರದ ಊರಿನಲ್ಲಿ ಛತ್ರಿ ಅಟ್ಟಕ್ಕೇರಿತು. ಟೇಪುಗಳಲ್ಲಿ ಒಂದು ಮಾತ್ರ ಓಡಿತು. ಅದು ಅಮೇರಿಕದ ಲೆಕ್ಕದ ಟೇಪು, ನಮ್ಮ ವಿಸಿಆರ್ ಬೇರೆ ಲೆಕ್ಕದ್ದು. ಇಬ್ಬರಿಗೂ ಹೊಂದಾಣಿಕೆಯಾಗದೆ ಬಣ್ಣವೆಲ್ಲ ಸೋರಿಹೋಗಿ, ಚಿತ್ರ ಕಪ್ಪುಬಿಳುಪಿನಲ್ಲಿ ನಡುಗುತ್ತಾ ಮೂಡಿತು. ಒಂದು ದೊಡ್ಡ ಮೈದಾನ, ಅದರಲ್ಲಿ ನೂರಾರು ಹುಡುಗ ಹುಡುಗಿಯರು, ಕೊರಳಿಗೆ ತೂಗುಹಾಕಿದ ಡ್ರಮ್ಮುಗಳು, ಉದ್ದುದ್ದ ತುತ್ತೂರಿಗಳು. ಅಪ್ಪ ನಿಂತವರು ಕುಳಿತರು. ಅಪ್ಪ ಶಾಲೆಯಲ್ಲಿ ಸೈಡ್ ಡ್ರಮ್ ಬಾರಿಸಿದವರು. ಆಮೇಲೆ ಪೊಲೀಸ್ ಬ್ಯಾಂಡಿಗೆ ಸೇರಲು ಹೋಗಿ, ಎತ್ತರ ಬೆರಳಗಲ ಸಾಲದೆ ವಾಪಸ್ ಬಂದವರು. ಆ ಬೆರಳಗಲ ನಮ್ಮ ಮನೆಯಲ್ಲಿ ಬಹಳ ದೊಡ್ಡ ಜಾಗವನ್ನು ಆಕ್ರಮಿಸಿತ್ತು. ಎಷ್ಟೋ ವರ್ಷಗಳ ನಂತರ ನಾನು ಇಂಥದೊಂದು ಪ್ರದರ್ಶನವನ್ನು ಕಂಪ್ಯೂಟರಿನಲ್ಲಿ ನೋಡಿದಾಗ ಉಡುಪುಗಳು ಕಡುಗೆಂಪು, ಬಂಗಾರದ ಬಣ್ಣ, ಟೋಪಿಯ ಮೇಲೆ ಗಿಳಿಹಸಿರು ಪುಕ್ಕ. ನನಗೆ ಅದು ತಪ್ಪಾಗಿ ಕಂಡಿತು. ಡ್ರಮ್ ಕೋರ್ ಎಂದರೆ ಕಪ್ಪುಬಿಳುಪು ಎಂಬುದು ನನ್ನ ಮಟ್ಟಿಗೆ ಇತ್ಯರ್ಥವಾಗಿದ್ದ ವಿಷಯ.

ಅಪ್ಪನ ವಿವರಣೆಯ ಸಾರಾಂಶ ಹೀಗೆ. ಬ್ಯಾಂಡಿನವರು ಬಾರಿಸುತ್ತಾ ನಡೆಯುತ್ತಾರೆ. ಇವರು ನಡೆಯುವುದನ್ನೇ ಬಾರಿಸುತ್ತಾರೆ. ಪಿಟೀಲಿಲ್ಲ, ಕೊಳಲಿಲ್ಲ, ಡ್ರಮ್ಮು, ತುತ್ತೂರಿ, ಕಾಲು, ಅಷ್ಟೆ. ಸಾಲು ಸುತ್ತಿ ವೃತ್ತವಾಗುತ್ತದೆ, ವೃತ್ತ ಒಡೆದು ನಕ್ಷತ್ರವಾಗುತ್ತದೆ, ಒಂದು ಸಾಲು ಇನ್ನೊಂದು ಸಾಲಿನ ನಡುವಿನಿಂದ ತೂರಿ ಹೋಗುತ್ತದೆ, ಯಾರೂ ಯಾರಿಗೂ ಡಿಕ್ಕಿ ಹೊಡೆಯುವುದಿಲ್ಲ, ಯಾರೂ ಕಾಲು ನೋಡಿಕೊಳ್ಳುವುದಿಲ್ಲ. ಮೇಲಿನಿಂದ ನೋಡಿದರೆ ರಂಗೋಲಿ ಎದ್ದು ನಡೆದ ಹಾಗೆ. ಎಲ್ಲಕ್ಕೂ ಆಧಾರ ದೊಡ್ಡ ಡ್ರಮ್ಮು. ಎಡಗಾಲು ನೆಲಕ್ಕೆ ತಾಗುವಾಗ ಢಂ. ಆ ಢಂ ತಪ್ಪಿದರೆ ರಂಗೋಲಿ ಕಲಸಿಹೋಯಿತು. ಇಷ್ಟು ಹೇಳಿ ಅಪ್ಪ ಟೇಪನ್ನು ಒಂದು ಕಡೆ ನಿಲ್ಲಿಸುತ್ತಿದ್ದರು. ನಡುಗುವ ಗೆರೆಗಳ ಹಿಂದೆ ಒಂದು ಸಾಲು ಕಾಣುತ್ತಿತ್ತು, ಆ ಸಾಲಿನಲ್ಲಿ ಹಲ್ಲು ಬಿದ್ದ ಹಾಗೆ ಒಂದು ಖಾಲಿ ಜಾಗ. ಲಟ್ಟಣಿಗೆಯ ತುದಿ ಅಲ್ಲಿಗೆ ಹೋಗುತ್ತಿತ್ತು.

“ಇಲ್ಲಿ ಒಬ್ಬ ಇಲ್ಲ. ಹುಷಾರಿಲ್ಲವೋ, ಕಾಲು ಉಳುಕಿತೋ, ದೇವರಿಗೇ ಗೊತ್ತು. ಆದ್ರೆ ನೋಡಿ, ಆಚೆಯವ ಈಚೆ ಬರ್ಲಿಲ್ಲ, ಈಚೆಯವ ಆಚೆ ಸರೀಲಿಲ್ಲ. ಅವನ ಜಾಗ ಅವನದ್ದೇ. ಅದನ್ನೂ ಕರ್ಕೊಂಡೇ ನಡೀತಾರೆ.”

“ಖಾಲಿ ಜಾಗವನ್ನು ನಡೆಸುದಾ?” ಎಂದು ಬಟ್ಟೆ ಅಂಗಡಿಯ ಹಮೀದಾಕ ಒಮ್ಮೆ ಕಣ್ಣು ತೆರೆದು ಕೇಳಿದರು. ಅವರು ಉಳ್ಳಾಲದ ಕಡೆಯವರು, ಮೂವತ್ತು ವರ್ಷದಿಂದ ದೋಹಾದಲ್ಲಿ ನೆಲೆಸಿದವರು, ಊಟಕ್ಕೆ ಕೊರತೆಯಿಲ್ಲದಿದ್ದರೂ ಅಮ್ಮನ ಕೋಳಿ ಸಾರಿಗೆಂದು ಬರುತ್ತಿದ್ದವರು.

“ಹೌದು ಹಮೀದಾಕ. ಅದೇ ಕಷ್ಟ.”

ಇದು ನಿಜಕ್ಕೂ ಅಲ್ಲಿನ ಪದ್ಧತಿಯೋ, ಅಥವಾ ಟೇಪನ್ನು ಹಿಂದೆ ಮುಂದೆ ತಿರುಗಿಸಿ ಅಪ್ಪ ತಾವೇ ಕಂಡುಕೊಂಡ ಶಾಸ್ತ್ರವೋ ನನಗೆ ಗೊತ್ತಿಲ್ಲ. ದೊಡ್ಡವಳಾದ ಮೇಲೆ ವಿಚಾರಿಸಿ ತಿಳಿಯಬಹುದಿತ್ತು. ಬೇಡ ಎನಿಸಿತು.

ಹೀಗೆ ಬರೀ ಉಪನ್ಯಾಸದಲ್ಲಿ ಮುಗಿಯುತ್ತಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಆದರೆ ಆ ವರ್ಷ ಚಳಿಗಾಲ ಶುರುವಾಗುವಾಗ ಅಪ್ಪ ಘೋಷಿಸಿದರು: ನಮ್ಮೂರವರ ಸಂಘದ ಕ್ರೀಡಾಕೂಟದ ದಿನ ಡ್ರಮ್ ಕೋರ್ ನಡೆಯಲಿದೆ, ಅದರಲ್ಲಿ ನಡೆಯುವವರು ಸದರಿ ಹಾಲ್‌ನಲ್ಲಿ ಸದ್ಯ ಒರಗಿರುವವರು. ಒರಗಿದ್ದವರು ನೆಟ್ಟಗೆ ಕುಳಿತರು. ಉಂಡ ಅನ್ನದ ಋಣ ಎಂದರೆ ಸಾಮಾನ್ಯವಲ್ಲ. ಅಪ್ಪನಿಗೆ ಜೀವನದಲ್ಲಿ ಒಂದೇ ಒಂದು ಸಲ, ಜನರ ಎದುರು, ಒಂದು ಸಾಲನ್ನು ವೃತ್ತ ಮಾಡಿ ತೋರಿಸಬೇಕಿತ್ತು. ಅದು ಆಗದಿದ್ದರೆ ಅವರು ಆ ಟೇಪನ್ನು ಹಿಂದಕ್ಕೆ ಮುಂದಕ್ಕೆ ತಿರುಗಿಸುತ್ತಲೇ ಮುದುಕರಾಗುತ್ತಾರೆ ಎಂಬುದು ನನಗೂ ತಿಳಿದಿತ್ತು, ಅಮ್ಮನಿಗೂ ತಿಳಿದಿತ್ತು.

“ಡ್ರಮ್ ಎಲ್ಲಿಂದ ತರುದು?” ಎಂದು ಅಮ್ಮ ಅಡುಗೆಮನೆಯಿಂದಲೇ ಕೇಳಿದಳು. “ನನ್ನ ಡಬ್ಬಗಳ ಮೇಲೆ ಕೈ ಹಾಕಿದ್ರೆ ನೋಡಿ.”

“ನಿಮ್ಮ ಡಬ್ಬ ಯಾರಿಗೆ ಬೇಕು ಅತ್ತಿಗೆ?” ಎಂದ ಚಿಕ್ಕಪ್ಪ. ಮರುವಾರ ಉದ್ದಿನ ಬೇಳೆ, ಕಡಲೆ ಬೇಳೆ, ಸಕ್ಕರೆ ಎಲ್ಲವೂ ಪ್ಲಾಸ್ಟಿಕ್ ಚೀಲಗಳಿಗೆ ವಲಸೆ ಹೋಗಿದ್ದವು.

ತುಪ್ಪದ ಡಬ್ಬ, ಹಾಲಿನ ಪುಡಿಯ ಡಬ್ಬಗಳೆಲ್ಲ ಸೈಡ್ ಡ್ರಮ್ಮುಗಳಾದವು. ದೊಡ್ಡ ಡ್ರಮ್ಮಿಗೆ ಅಪ್ಪ ಸ್ಟೋರಿನಲ್ಲಿ ಎಸೆಯಲು ಇಟ್ಟಿದ್ದ ನೀಲಿ ಪ್ಲಾಸ್ಟಿಕ್ ಬ್ಯಾರಲ್ಲನ್ನು ಅಡ್ಡಕ್ಕೆ ಕತ್ತರಿಸಿ ತಂದರು. ಅದಕ್ಕೆ ಏನು ಹೊದಿಸಿದರೂ ಶಬ್ದ ಬರಲಿಲ್ಲ. ಟಾರ್ಪಾಲು ಹೊದಿಸಿದರೆ ಮಂಚದ ಹಾಸಿಗೆ ಕೊಡವಿದಂತೆ. ಕೊನೆಗೆ ಹಮೀದಾಕ, ಚಿಕ್ಕಂದಿನಲ್ಲಿ ದಫ್ ಎಂಬ ಚರ್ಮವಾದ್ಯದ ತಂಡದಲ್ಲಿದ್ದವರು, ಎರಡು ಆಡಿನ ಚರ್ಮ ತಂದು ನಮ್ಮ ಬಚ್ಚಲಿನಲ್ಲಿ ನೆನೆಹಾಕಿದರು. ಆ ವಾರ ನಮ್ಮ ಮನೆಗೆ ಬಂದವರು ಹೊರಗೇ ನಿಂತು ಮಾತಾಡಿ ಹೋದರು. ಅಮ್ಮ ಮೂಗಿಗೆ ಸೆರಗು ಕಟ್ಟಿಕೊಂಡೇ ಅಡುಗೆ ಮಾಡಿದಳು, ಅಪ್ಪನೊಡನೆ ಮಾತು ಬಿಟ್ಟಳು, ಗುರುವಾರ ಬಂದ ಚಿಕ್ಕಪ್ಪನೊಡನೆ ಮಾತ್ರ ಮಾತಾಡಿ ಅದರ ಮೂಲಕ ಅಪ್ಪನನ್ನು ಬೈದಳು. ಚರ್ಮ ಬಿಸಿಲಿನಲ್ಲಿ ಒಣಗಿ ಬಿಗಿದ ದಿನ ಚಿಕ್ಕಪ್ಪ ಅದರ ಮೇಲೆ ಅಂಗೈಯಿಂದ ಒಂದು ಹೊಡೆದ. ಅಡುಗೆಮನೆಯ ಶೀಟು ನಡುಗಿತು. ಬೈಯಲು ಬಾಯಿ ತೆರೆದಿದ್ದ ಅಮ್ಮ ಹಾಗೆಯೇ ನಿಂತು, “ಇನ್ನೊಮ್ಮೆ ಹೊಡಿ ನೋಡುವ” ಎಂದಳು.

ಅಭ್ಯಾಸ ಅಲ್ ಥುಮಾಮಾದ ಕಡೆಯ ಬಯಲಿನಲ್ಲಿ. ಶುಕ್ರವಾರ ಬಿಸಿಲಿಳಿದ ಮೇಲೆ ಎಲ್ಲರೂ ಹಮೀದಾಕನ ಪಿಕಪ್ಪಿನ ಹಿಂದೆ ಕೂತು ಹೋಗುತ್ತಿದ್ದರು; ನಾನು ಚಿಕ್ಕಪ್ಪನ ಟ್ಯಾಂಕರಿನಲ್ಲಿ. ಅಪ್ಪ ಟ್ಯಾಂಕರಿನ ಬೆನ್ನ ಮೇಲೆ ಹತ್ತಿ ನಿಂತು ಲಟ್ಟಣಿಗೆ ಎತ್ತುತ್ತಿದ್ದರು, ಮೇಲಿನಿಂದಲೇ ರಂಗೋಲಿ ನೋಡಬೇಕಲ್ಲ. ಕೆಳಗೆ ವೆಲ್ಡರು, ಪೇಂಟರು, ಆಫೀಸ್ ಬಾಯ್, ಹೋಟೆಲಿನ ಸಪ್ಲೈಯರು, ವಾರವೆಲ್ಲ ಬೇರೆಯವರ ಮಾತಿನಂತೆ ನಡೆದು ಶುಕ್ರವಾರವೂ ಇನ್ನೊಬ್ಬರ ಮಾತಿನಂತೆ ನಡೆಯಲು ಬಂದವರು, ಮರಳಿನಲ್ಲಿ ಹೆಜ್ಜೆ ಹಾಕುತ್ತಿದ್ದರು. ತಲೆಯ ಮೇಲೆ ವಿಮಾನ ಇಳಿಯುವಾಗಲೆಲ್ಲ ಎಲ್ಲರೂ ನಿಂತು ತಲೆಯೆತ್ತಿ ನೋಡುವುದು, ಅಪ್ಪ ಮೇಲಿನಿಂದ ಕೂಗುವುದು. ನಡುವೆ ಚಿಕ್ಕಪ್ಪನ ಢಂ. ಅದೊಂದು ಇದ್ದರೆ ಉಳಿದವರು ಹೇಗೋ ಸಾಲಾಗುತ್ತಿದ್ದರು. ಹಾಗಿರುವಾಗ ಒಂದು ಸಂಜೆ ಪೊಲೀಸ್ ಜೀಪು ಬಂದು ನಿಂತಿತು. ಬಯಲಿನಲ್ಲಿ ಇಷ್ಟು ಜನ ಡಬ್ಬ ಕಟ್ಟಿಕೊಂಡು ಸುತ್ತು ಬರುವುದನ್ನು ಯಾವ ಸರ್ಕಾರವೂ ಸುಮ್ಮನೆ ನೋಡಲಾರದು. ಅಪ್ಪ ಟ್ಯಾಂಕರಿನ ಮೇಲಿನಿಂದಲೇ ಇಂಗ್ಲಿಷಿನಲ್ಲಿ ಉಪನ್ಯಾಸ ಆರಂಭಿಸಿದರು. ಪೊಲೀಸನ ಹುಬ್ಬು ಏರಿತು. ಚಿಕ್ಕಪ್ಪ ಡ್ರಮ್ಮನ್ನು ಹೊತ್ತುಕೊಂಡೇ ಮುಂದೆ ಹೋದ.

“ಸದೀಕ್, ಮಾಫಿ ಮುಷ್ಕಿಲ್. ಹಾದಾ ರಿಯಾದಾ” ಎಂದ. ಗೆಳೆಯಾ, ಏನೂ ತೊಂದರೆ ಇಲ್ಲ, ಇದು ಆಟ. ಎಂದವನೇ ಒಂದು ಸುತ್ತು ಬಾರಿಸಿ ತೋರಿಸಿದ.

ಪೊಲೀಸನು ಜೀಪಿನ ಬಾನೆಟ್ಟಿನ ಮೇಲೆ ಬೆರಳಿನಿಂದ ತಾಳ ಹಾಕುತ್ತಾ ಪೂರ್ತಿ ಕೇಳಿ, “ಯಲ್ಲಾ, ಖಲಾಸ್” ಎಂದು ಎಲ್ಲರನ್ನೂ ಮನೆಗೆ ಓಡಿಸಿದ. ಆದರೆ ನಗುತ್ತಾ ಓಡಿಸಿದ. ದಾರಿಯಲ್ಲಿ ಅಪ್ಪನಿಗೆ ಸ್ವಲ್ಪ ಮುನಿಸು. ತಾವು ವರ್ಷವಿಡೀ ಹೇಳಿದ್ದನ್ನು ಚಿಕ್ಕಪ್ಪ ನಾಲ್ಕು ಪದದಲ್ಲಿ ಮುಗಿಸಿದ್ದನಲ್ಲ.

ಕ್ರೀಡಾಕೂಟಕ್ಕೆ ಇನ್ನೂ ಸ್ವಲ್ಪ ದಿನವಿತ್ತು. ಅಮ್ಮ ಟೇಪಿನಲ್ಲಿ ಕಂಡಂತೆಯೇ ಎಲ್ಲರಿಗೂ ಬಿಳಿ ಅಂಗಿಗೆ ಕಪ್ಪು ಪಟ್ಟಿ ಹೊಲಿದು ಮುಗಿಸಿದ್ದಳು. ಒಂದು ಬೆಳಿಗ್ಗೆ ನೀರು ತುಂಬಿಸುವ ಸ್ಟೇಷನ್ನಿನ ಹೊರಗೆ ಟ್ಯಾಂಕರುಗಳ ಸಾಲು ಎಂದಿನಂತೆ ಕಾದು ನಿಂತಿತ್ತು. ಮುಂದಿನ ಗಾಡಿಗಳು ಸರಿದವು. ಚಿಕ್ಕಪ್ಪನದು ಸರಿಯಲಿಲ್ಲ. ಹಿಂದಿನವರು ಹಾರ್ನ್ ಹೊಡೆದರು, ಬೈದರು, ಆಮೇಲೆ ಒಬ್ಬೊಬ್ಬರಾಗಿ ಪಕ್ಕದಿಂದ ಓವರ್‌ಟೇಕ್ ಮಾಡಿಕೊಂಡು ಮುಂದೆ ಹೋಗಿ ನೀರು ತುಂಬಿಸಿಕೊಂಡರು. ಸಾಲು ಪೂರ್ತಿ ಮುಗಿದ ಮೇಲೆ, ಒಂಟಿಯಾಗಿ ಉಳಿದ ಟ್ಯಾಂಕರಿನ ಬಾಗಿಲನ್ನು ಯಾರೋ ತೆರೆದರು. ನಿದ್ದೆ ಹೋದ ಹಾಗೆಯೇ ಇದ್ದನಂತೆ, ಎರಡೂ ಕೈ ಸ್ಟಿಯರಿಂಗಿನ ಮೇಲೆ. ಹೃದಯ ಎಂದರು ಡಾಕ್ಟರು. ಅಪ್ಪನಿಗೆ ಈ ವಿವರವನ್ನೆಲ್ಲ ಹೇಳಿದವನು ಓವರ್‌ಟೇಕ್ ಮಾಡಿದವರಲ್ಲೇ ಒಬ್ಬ. ನಮ್ಮ ಬಾಗಿಲಲ್ಲಿ ನಿಂತು, ಟೋಪಿ ತೆಗೆದು, ಮಲಯಾಳದಲ್ಲಿ ಅದನ್ನೇ ಮತ್ತೆ ಮತ್ತೆ ಹೇಳಿ ಅತ್ತ. ಅಪ್ಪ ಅವನನ್ನು ಒಳಗೆ ಕರೆದು ಕೂರಿಸಿ ನೀರು ಕೊಟ್ಟರು. ಅವನ ಮೇಲೆ ಅಪ್ಪನಿಗೆ ಸಿಟ್ಟಿರಲಿಲ್ಲ. ಅದು ಬೇರೆ ಎಲ್ಲೋ ಹೋಗಿ ಕೂತಿತು.

ಆ ಕಾಲದ ದೋಹಾದಲ್ಲಿ ಹೆಣ ಸುಡುವ ಜಾಗವಿರಲಿಲ್ಲ, ನಮ್ಮವರು ಸತ್ತರೆ ಊರಿಗೆ ವಿಮಾನದಲ್ಲೇ ಹೋಗಬೇಕು. ಅಪ್ಪನೂ ಜೊತೆಗೆ ಹೋಗಬೇಕಿತ್ತು. ಅವರ ಪಾಸ್‌ಪೋರ್ಟ್ ಕಂಪನಿಯ ಕಪಾಟಿನಲ್ಲಿತ್ತು, ಕಪಾಟಿನ ಕೀಲಿ ಒಬ್ಬ ಅಧಿಕಾರಿಯ ಬಳಿಯಿತ್ತು, ಅಧಿಕಾರಿ ರಜೆಯಲ್ಲಿದ್ದರು. ಸತ್ತವನ ಕಾಗದಪತ್ರಗಳು ಬದುಕಿದ್ದವನ ಕಾಗದಪತ್ರಗಳಿಗಿಂತ ಬೇಗ ತಯಾರಾದವು. ಊರಿಗೆ ರಜೆಯಲ್ಲಿ ಹೊರಟಿದ್ದ ಯಾರೋ ಪರಿಚಯದವರ ಜೊತೆ ಚಿಕ್ಕಪ್ಪ ಹೋದ. ಚಿತೆಗೆ ಬೆಂಕಿ ಇಟ್ಟದ್ದು ದೊಡ್ಡಪ್ಪನ ಮಗ. ಚಿಕ್ಕಪ್ಪನನ್ನು ವಿಮಾನಕ್ಕೆ ಏರಿಸಿದ ಸಂಜೆ ಅಪ್ಪ ನನ್ನನ್ನು ಕರೆದುಕೊಂಡು ಅಲ್ ಥುಮಾಮಾದ ಬಯಲಿಗೆ ಹೋಗಿ ನಿಂತರು. ವಿಮಾನ ಏರಿತು. ಅದು ನಮ್ಮದೇ ವಿಮಾನವೋ ಬೇರೆಯದೋ ತಿಳಿಯಲಿಲ್ಲ, ಆದ್ದರಿಂದ ಇನ್ನೂ ಒಂದೆರಡು ವಿಮಾನಗಳು ಏರುವ ತನಕ ನಿಂತಿದ್ದು ಬಂದೆವು.

ನಮ್ಮ ಕಡೆ ಬೊಜ್ಜದ ದಿನ, ಅಂದರೆ ಉತ್ತರಕ್ರಿಯೆಯ ದಿನ, ಒಳಕೋಣೆಯಲ್ಲಿ ಸತ್ತವರಿಗೆ ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಬಾಗಿಲು ಮುಚ್ಚಿ ಹೊರಗೆ ಕಾಯುತ್ತಾರೆ. ನಾವು ನೋಡುತ್ತಿದ್ದರೆ ಅವರಿಗೆ ಉಣ್ಣಲು ಸಂಕೋಚ. ಆಮೇಲೆ ತಟ್ಟಿಯೇ ಬಾಗಿಲು ತೆರೆಯಬೇಕು. ಊರಿನಲ್ಲಿ ಅದೆಲ್ಲ ನಡೆಯಿತು. ಆದರೆ ಅಮ್ಮ ದೋಹಾದ ಮನೆಯಲ್ಲೂ ಬಡಿಸುತ್ತೇನೆ ಎಂದಳು. ಅವನು ಉಣ್ಣುತ್ತಿದ್ದದ್ದು ಇಲ್ಲಿ, ಊರಿಗೆ ಹೋಗಿ ಹುಡುಕಿಕೊಂಡು ಉಣ್ಣುವುದು ಹೇಗೆ ಎಂದು ಅವಳ ವಾದ. ಮಲಯಾಳಿಯ ಅಂಗಡಿಯಿಂದ ಬಾಳೆಲೆ ಬಂತು. ಒಳಕೋಣೆಯಲ್ಲ, ಹಾಲ್, ಫ್ರಿಜ್ಜಿನ ಪಕ್ಕ, ಅವನ ಜಾಗದಲ್ಲಿ ಎಲೆ ಹಾಕಿದರು. ರೊಟ್ಟಿ, ಕೋಳಿ ಸಾರು, ಬಂಗುಡೆ ಹುರಿದದ್ದು, ತಣ್ಣೀರಿನ ಬಾಟಲಿ. ಇನ್ನೇನು ಬಾಗಿಲು ಮುಚ್ಚಬೇಕು ಎನ್ನುವಾಗ ಅಮ್ಮ ಮರಳಿ ಹೋಗಿ, ಆ ಚಳಿಯಲ್ಲಿ, ಎಸಿ ಹಾಕಿ ಬಂದಳು. ಬಾಗಿಲು ಮುಚ್ಚಿತು. ನಾವೆಲ್ಲ ಅಡುಗೆಮನೆಯಲ್ಲಿ ಒತ್ತಿಕೊಂಡು ನಿಂತೆವು. ಹಮೀದಾಕ ಹೊರಗೆ ಅಂಗಳದಲ್ಲಿ. ಸ್ವಲ್ಪ ಹೊತ್ತಾದ ಮೇಲೆ ಅಪ್ಪ ಬಾಗಿಲು ತಟ್ಟಿದರು. ಸುಮ್ಮನೆ ತಟ್ಟಲಿಲ್ಲ. ಅದು ಸೈಡ್ ಡ್ರಮ್ಮಿನ ನಡೆ, ನಮಗೆಲ್ಲ ಬಾಯಿಪಾಠವಾಗಿದ್ದದ್ದು. ಢಂ ಬರಬೇಕಾದ ಜಾಗ ಬಂದಾಗ ಕೈ ನಿಲ್ಲಿಸಿ ಕಿವಿಗೊಟ್ಟರು. ಒಳಗೆ ಎಸಿ ಕೆಮ್ಮುತ್ತಿತ್ತು. ಮತ್ತೊಮ್ಮೆ ತಟ್ಟಿ, ಮತ್ತೆ ಅದೇ ಜಾಗದಲ್ಲಿ ನಿಲ್ಲಿಸಿದರು. ಆಮೇಲೆ ಬಾಗಿಲು ತೆರೆದರು. ಎಲೆಯ ಮೇಲಿನ ಸಾರು ತಣ್ಣಗಾಗಿ ಕೆನೆಗಟ್ಟಿತ್ತು.

ಅಂದೇ ಊಟದ ನಡುವೆ ಅಪ್ಪ ಡ್ರಮ್ ಕೋರ್ ನಡೆಯುತ್ತದೆ ಎಂದರು. ನಮ್ಮ ಮನೆಯಲ್ಲಿ ನಾನು ಕಂಡ ದೊಡ್ಡ ಜಗಳ ಆಗ ಆಯಿತು.

“ವರ್ಷ ಆಗ್ಲಿಲ್ಲ, ತಿಂಗಳಾಗ್ಲಿಲ್ಲ. ಸತ್ತವನ ಹೆಸರಿನ ಅನ್ನ ಉಣ್ತಾ ಡೋಲು ಬಡೀತೇನೆ ಅಂತೀರಲ್ಲ, ನಿಮಗೆ ಎಂತ ಆಗಿದೆ?” ಎಂದಳು ಅಮ್ಮ. “ಊರಲ್ಲಿ ಕೇಳಿದ್ರೆ ಎಂತ ಹೇಳ್ಳಿಕ್ಕಿಲ್ಲ? ತಮ್ಮ ಸತ್ತದ್ದಕ್ಕೆ ಅಣ್ಣ ಬ್ಯಾಂಡ್ ಬಾರಿಸಿದ ಅಂತ.”

“ಊರಿನವರಿಗೆ ಹೇಳು,” ಎಂದರು ಅಪ್ಪ, “ಇದು ಬ್ಯಾಂಡ್ ಅಲ್ಲ ಅಂತ.”

ಎಲ್ಲರೂ ತಟ್ಟೆ ನೋಡುತ್ತಿದ್ದರು. ಫ್ರಿಜ್ಜಿನ ಪಕ್ಕದಿಂದ ಬರಬೇಕಾದ ಪ್ರಶ್ನೆ ಬರಲಿಲ್ಲ. ಅಪ್ಪ ಅದಕ್ಕಾಗಿ ಒಂದು ಕ್ಷಣ ಕಾದದ್ದು ನನಗೆ ಕಂಡಿತು. ಅಂಗಳದಿಂದ ಬಂದು ಬಾಗಿಲ ಬಳಿ ಕೂತಿದ್ದ ಹಮೀದಾಕ ಮೆಲ್ಲಗೆ ಹೇಳಿದರು:

“ವಿಶ್ವಣ್ಣ, ನಡೆಸುದಾದ್ರೆ ನಡೆಸುವ. ನಮ್ಮ ಅಂಗಡಿಯಲ್ಲಿ ಒಬ್ಬ ಉಂಟು, ದಫ್ ಚೆನ್ನಾಗಿ ಹೊಡೀತಾನೆ. ದೊಡ್ಡ ಡ್ರಮ್ಮಿಗೆ ಅವನನ್ನು…”

“ಬೇಡ ಹಮೀದಾಕ. ಒಮ್ಮೆ ಓವರ್‌ಟೇಕ್ ಮಾಡಿದ್ದು ಸಾಕು.”

ಅಮ್ಮ ಎದ್ದು ಒಳಗೆ ಹೋದಳು. ಆಮೇಲೆ ಆ ವಿಷಯ ಅವಳು ಎತ್ತಲಿಲ್ಲ. ಒಪ್ಪಿದೆ ಎಂದೂ ಹೇಳಲಿಲ್ಲ. ಕ್ರೀಡಾಕೂಟದ ಹಿಂದಿನ ದಿನ ಅಂಗಿಗಳಿಗೆಲ್ಲ ಇಸ್ತ್ರಿ ಹಾಕಿ ಸಾಲಾಗಿ ತೂಗುಹಾಕಿದಳು. ಚಿಕ್ಕಪ್ಪನದಕ್ಕೂ ಹಾಕಿದ್ದಳು, ಕಾಲರಿಗೆ ಎರಡು ಸಲ.

ಕ್ರೀಡಾಕೂಟ ನಡೆದದ್ದು ಒಂದು ಶಾಲೆಯ ಸಿಮೆಂಟು ಹಾಸಿದ ಅಂಗಳದಲ್ಲಿ. ಗೋಣಿಚೀಲದ ಓಟ, ಲಿಂಬೆ ಚಮಚ, ಹೆಂಗಸರ ಸಂಗೀತ ಕುರ್ಚಿ ಎಲ್ಲ ಮುಗಿದ ಮೇಲೆ ನಮ್ಮವರ ಸರದಿ. ಮೈಕಿನಲ್ಲಿದ್ದವರು ಮೈಕ್ ಸೆಟ್ಟಿನ ಮಾಲೀಕರಾದ ಒಬ್ಬ ಮಲಯಾಳಿ ಸಜ್ಜನ. ಬಾಡಿಗೆ ಸೆಟ್ಟಿನ ಜೊತೆ ಸಿರಿಕಂಠವನ್ನೂ ಉಚಿತವಾಗಿ ಕೊಟ್ಟವರು. ಅವರಿಗೆ ನಮ್ಮ ಮನೆಯ ಸಂಗತಿ ಗೊತ್ತಿರಲಿಲ್ಲ. ಅಪ್ಪ ಒಂದು ಮೇಜಿನ ಮೇಲೆ ಹತ್ತಿ ಲಟ್ಟಣಿಗೆ ಎತ್ತಿದರು. ಬಿಳಿ ಅಂಗಿಯ ಕಪ್ಪು ಪಟ್ಟಿಯ ಸಾಲು ಹೊರಟಿತು. ನಡುವೆ ಒಬ್ಬನಷ್ಟು ಜಾಗ, ಡ್ರಮ್ಮು ಸಮೇತ ಒಬ್ಬನಷ್ಟು ಜಾಗ, ಬಿಟ್ಟಿತ್ತು. ಸಾಲು ತಿರುಗಿದಾಗ ಜಾಗವೂ ತಿರುಗಿತು. ವೃತ್ತವಾದಾಗ ವೃತ್ತಕ್ಕೆ ಒಂದು ಬಾಗಿಲು ತೆರೆದಂತೆ ಇತ್ತು. ನನ್ನ ಹಿಂದೆ ಕೂತ ಹೆಂಗಸು ಪಕ್ಕದವಳಿಗೆ, “ಪಾಪ, ಒಬ್ಬ ಬರ್ಲೇ ಇಲ್ಲ ಅಂತ ಕಾಣ್ತದೆ ಮಾರಾಯ್ತಿ” ಎಂದಳು. ಯಾರೋ ನಕ್ಕರು. ಮೈಕಿನ ಸಜ್ಜನರಿಗೆ ಕನಿಕರವಾಯಿತು. ತಂಡದ ಮಾನ ಉಳಿಸಲು ಹಿಂದಿಯಲ್ಲಿ ಘೋಷಿಸಿದರು: ಒಬ್ಬ ಸದಸ್ಯರಿಗೆ ಇಂದು ಡ್ಯೂಟಿ ಇರುವ ಕಾರಣ ಬರಲಾಗಲಿಲ್ಲ, ದಯವಿಟ್ಟು ಕ್ಷಮಿಸಬೇಕು.

ಅಪ್ಪನ ಲಟ್ಟಣಿಗೆ ನಿಲ್ಲಲಿಲ್ಲ. ನಡೆಯುತ್ತಿದ್ದವರ ಮುಖ ನೆಟ್ಟಗೇ ಇತ್ತು. ಮರಳಿನಲ್ಲಿ ಅಭ್ಯಾಸ ಮಾಡಿದ್ದ ನಾವು ಯಾರೂ ಎಣಿಸಿರದ ಒಂದು ಸಂಗತಿ ಆಗ ಆಯಿತು. ಡಬ್ಬಗಳ ಸದ್ದು ಓಡಿ ಬಂದು, ಢಂ ಬೀಳಬೇಕಾದಲ್ಲಿ ತಟಕ್ಕನೆ ನಿಂತಾಗ, ಆ ಖಾಲಿಯಲ್ಲಿ ಅಷ್ಟೂ ಜನರ ಎಡಗಾಲು ಸಿಮೆಂಟಿಗೆ ತಾಗಿದ ಸದ್ದು ಕೇಳಿಸಿತು. ಮತ್ತೆ ಡಬ್ಬ, ಮತ್ತೆ ಕಾಲು. ಆಡಿನ ಚರ್ಮದಷ್ಟು ದೊಡ್ಡ ಸದ್ದಲ್ಲ. ಹಳೆಯ ಸೇಫ್ಟಿ ಶೂಗಳು, ಅಡಿ ಸವೆದ ಚಪ್ಪಲಿಗಳು, ಒಂದೇ ಸಲ ನೆಲ ಮುಟ್ಟಿದ್ದು. ಅಮ್ಮ ನನ್ನ ಕೈ ಹಿಡಿದಿದ್ದಳು. ಪ್ರತಿ ಎಡಗಾಲಿಗೂ ಅವಳ ಬೆರಳು ಒಮ್ಮೆ ಬಿಗಿದು ಸಡಿಲವಾಗುತ್ತಿತ್ತು. ಅವಳ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ಮುಗಿದ ಮೇಲೆ ಜನ ಚಪ್ಪಾಳೆ ತಟ್ಟಿದರು, ಗೋಣಿಚೀಲದ ಓಟಕ್ಕೆ ತಟ್ಟಿದಷ್ಟೇ. ಮೈಕಿನವರು ಬಂದು ಅಪ್ಪನ ಕೈ ಕುಲುಕಿ, ಮುಂದಿನ ವರ್ಷ ಆ ಸದಸ್ಯರಿಗೆ ಮೊದಲೇ ರಜೆ ಹಾಕಿಸಿ ಎಂದು ಸಲಹೆ ಕೊಟ್ಟರು. ಅಪ್ಪ ಅವರಿಗೆ ಏನೂ ವಿವರಿಸಲಿಲ್ಲ. “ಹೌದು, ಅವನಿಗೆ ಡ್ಯೂಟಿ ಜಾಸ್ತಿ” ಎಂದಷ್ಟೇ ಹೇಳಿ ಲಟ್ಟಣಿಗೆಯನ್ನು ಅಮ್ಮನಿಗೆ ಮರಳಿಸಿದರು. ಅಮ್ಮ ಅದನ್ನು ಸೆರಗಿನಲ್ಲಿ ಒರೆಸಿ ಚೀಲಕ್ಕೆ ಹಾಕಿದಳು.

ಮುಂದಿನ ಶುಕ್ರವಾರ ಊಟಕ್ಕೆ ಹೊಸಬರೊಬ್ಬರು ಬಂದಿದ್ದರು. ಜಯಂತ ಎಂದು, ಪುತ್ತೂರಿನ ಕಡೆಯವರು, ದಪ್ಪ ಮೀಸೆ, ದೇಶಕ್ಕೆ ಬಂದು ಇನ್ನೂ ಮೈಯ ಬೆವರು ಆರದವರು. ಅವರು ಒಳಗೆ ಬಂದು, ಎಲ್ಲ ಕಡೆ ನೋಡಿ, ಖಾಲಿ ಕಂಡಲ್ಲಿ, ಫ್ರಿಜ್ಜಿನ ಪಕ್ಕ, ಕೂತುಬಿಟ್ಟರು. ಅಮ್ಮ ಸಾರಿನ ಪಾತ್ರೆ ಹಿಡಿದು ಅಲ್ಲೇ ನಿಂತಳು. ಅತಿಥಿಯನ್ನು ಏಳು ಎನ್ನುವುದು ಹೇಗೆ? ಜಯಂತರು ಒಬ್ಬೊಬ್ಬರ ಮುಖ ನೋಡಿ, ತಮ್ಮಿಂದ ಏನೋ ತಪ್ಪಾಗಿದೆ ಎಂದು ಮೀಸೆ ಮುಟ್ಟಿಕೊಂಡರು. ಗೋಡೆಗೆ ಒರಗಿಸಿದ್ದ ನೀಲಿ ಡ್ರಮ್ಮು ಅವರ ಮೊಣಕೈಗೆ ತಾಗುತ್ತಿತ್ತು. ಮಾತು ಬದಲಿಸಲೆಂದೋ ಏನೋ, ಅದನ್ನು ತೋರಿಸಿ ಕೇಳಿದರು:

“ಇದು ಎಂತದು ಅಣ್ಣ?”

ಅಪ್ಪ ಗಂಟಲು ಸರಿ ಮಾಡಿಕೊಂಡರು. ಎದ್ದು ಟಿ.ವಿ.ಯ ಬಳಿ ಹೋಗಲು ನೆಲಕ್ಕೆ ಕೈ ಊರಿದರು, ಅರ್ಧ ಎದ್ದರು, ಮತ್ತೆ ಕೂತರು.

“ಸುಮಾ,” ಎಂದರು ನನಗೆ. “ನೀನು ಹೇಳು ಇವರಿಗೆ.”

ನಾನು ಎದ್ದು ನಿಂತೆ. ಇದು ಬ್ಯಾಂಡ್ ಅಲ್ಲ, ಮೊದಲು ಅದನ್ನು ತಲೆಯಿಂದ ತೆಗೀರಿ ಎಂದೆ. ಸಾಲು ವೃತ್ತವಾಗುವುದನ್ನು ಹೇಳಿದೆ, ರಂಗೋಲಿ ಎದ್ದು ನಡೆಯುವುದನ್ನು ಹೇಳಿದೆ, ಎಡಗಾಲಿನ ಢಂ ಹೇಳಿದೆ. ಆಮೇಲೆ, ಸಾಲಿನಲ್ಲಿ ಒಬ್ಬ ಇಲ್ಲದಿದ್ದರೆ ಆಚೆಯವ ಈಚೆ ಬರುವುದಿಲ್ಲ, ಈಚೆಯವ ಆಚೆ ಸರಿಯುವುದಿಲ್ಲ, ಅವನ ಜಾಗ ಅವನದ್ದೇ, ಅದನ್ನೂ ಕರೆದುಕೊಂಡೇ ನಡೆಯಬೇಕು ಎಂದೆ. ಜಯಂತರು ಡ್ರಮ್ಮನ್ನು ನೋಡಿದರು, ನನ್ನನ್ನು ನೋಡಿದರು, ತಾವು ಕೂತ ಜಾಗವನ್ನು ನೋಡಿಕೊಂಡರು. ತಟ್ಟೆಯನ್ನು ಎತ್ತಿಕೊಂಡು, ಕೂತಲ್ಲಿಂದಲೇ ಮೆಲ್ಲಗೆ, ಒಬ್ಬನಷ್ಟು ಈಚೆಗೆ ಸರಿದರು.

ಅಮ್ಮ ಅವರಿಗೆ ಸಾರು ಬಡಿಸಿದಳು.